ಕಿವಿರು ನೋಡಿ ಕೊಟ್ಟವಳು

ಅವ್ವಿ,

ನಿನ್ನ ಬಂಗಡೆ ಮೀನಿನ ಕೆಂಪು ಮಾಂಸದಿಂದ ತೆಗೆದ ಪ್ರೋಟೀನನ್ನು ಹರಳುಗಟ್ಟಿಸಿ, ಕ್ಷಣಕ್ಷಣಕ್ಕೂ ಎಕ್ಸ್-ರೇ ಹಾಯಿಸಿ, ಅದು ಆಕಾರ ಬದಲಿಸುವ ಚಿತ್ರಗಳನ್ನು ಇವತ್ತು ವಿಜ್ಞಾನಿಗಳ ಸಭೆಯಲ್ಲಿ ತೋರಿಸಿದೆ. ಚಪ್ಪಾಳೆ ಬಿತ್ತು.

ನಾನು ತಂದ ಮೀನಿನಿಂದ ಒಂದು ಹರಳೂ ಕಟ್ಟಿರಲಿಲ್ಲ. ಕೊನೆಗೆ ನೀನೇ ಹೊನ್ನಾವರದ ಮಾರ್ಕೆಟ್ಟಿನಲ್ಲಿ ಒಂದೊಂದರ ಕಿವಿರು ಎತ್ತಿ ಬಣ್ಣ ನೋಡಿ, “ಇದ್ ಆತು. ಇದ್ ಬ್ಯಾಡ, ನಿನ್ನೆದು” ಎನ್ನುತ್ತ ಆರಿಸಿ, ಐಸಿನಲ್ಲಿಟ್ಟು ಕೊಟ್ಟೆ.

ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು, “ಇಷ್ಟು ತಾಜಾ ಮೀನು ಆರಿಸಿ ಕೊಟ್ಟವರು ಯಾರಮ್ಮ?”

“ಯಾರೋ ಮೀನು ಮಾರುವ ಹೆಂಗಸು, ಸರ್” ಎಂದೆ.

ನೀನು ಸತ್ತು ವರ್ಷವಾಯಿತು. ಇನ್ನೂ ಎಂತದ ನಾಚಿಕೆ? ಶಾಲೆಯ ದಿನಗಳಲ್ಲಿ ನೀನು ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ಮೂರು ಸೀಟು ಹಿಂದೆ ಹೋಗಿ ಕೂರುತ್ತಿದ್ದೆನಲ್ಲ, ಇವತ್ತೂ ಅಲ್ಲೇ ಕೂತೆ.