ಹದಿನೇಳನೇ ಪ್ಯಾಟರ್ನ್

ಹಿರಿಮಗಳಿಗೆ, ಅಮ್ಮ ಬರೆಯುವ ಕಾಗದ.

ಫೋನಿನಲ್ಲಿ ಮಾತಾಡಿದರೆ ನನ್ನ ದನಿ ತಾನಾಗಿ ಏರುತ್ತದೆ, ನೀನು ಸುಮ್ಮನಾಗುತ್ತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಅಂಗಡಿಯಲ್ಲೇ ಕೂತು, ಕಟಿಂಗ್ ಮೇಜಿನ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಕಟಿಂಗ್ ಮಾಸ್ಟರ್ ಎರಡು ಸಲ ಬಂದು ಇಣುಕಿದರು. "ಯಾರಿಗಮ್ಮಾವ್ರೇ, ಇಷ್ಟುದ್ದ?" ಎಂದರು. "ಇನ್‌ಸ್ಪೆಕ್ಟರಿಗೆ" ಎಂದೆ. ಕತ್ತರಿ ಕೈಯಲ್ಲೇ ಇತ್ತು, ಆದರೂ ಕತ್ತರಿ ಹುಡುಕುವವರ ಹಾಗೆ ಆ ಕಡೆ ತಿರುಗಿಕೊಂಡರು.

ಆ ಹೆಸರು ನಿನಗಿಟ್ಟವರು ಅವರೇ. ಹತ್ತು ವರ್ಷದವಳು, ಶಾಲೆ ಮುಗಿಸಿ ನೇರ ಅಂಗಡಿಗೆ ಬಂದು, ಹೊಲಿದು ಮಡಿಸಿಟ್ಟ ಸಮವಸ್ತ್ರಗಳನ್ನೆಲ್ಲ ಬಿಚ್ಚಿ ಒಳಮೈ ಹೊರಗೆ ಮಾಡಿ ನೋಡುತ್ತಿದ್ದೆ. "ಇಲ್ಲಿ ದಾರ ಬಿಟ್ಟಿದೆ ಮಾಸ್ಟರ್, ಇದನ್ನ ಬಿಚ್ಚಿ" ಎನ್ನುತ್ತಿದ್ದೆ. ಅವರು ತಲೆ ಚಚ್ಚಿಕೊಂಡು, "ಅಮ್ಮಾವ್ರೇ, ಈ ಹುಡುಗಿ ನಾಳೆ ಮದುವೆ ಗಂಡಿನ ಕೋಟನ್ನೂ ತಿರುವಿ ನೋಡ್ತಾಳೆ, ಬರೆದಿಟ್ಕೊಳ್ಳಿ" ಎಂದಾಗ ಹೊಲಿಯುವ ಹೆಂಗಸರೆಲ್ಲ ನಕ್ಕರು. ನಾನು ನಗಲಿಲ್ಲ. ನನಗೆ ಆಗ ಹೆಮ್ಮೆಯಾಗಿತ್ತು. ಅದನ್ನು ನಿನಗೆ ಹೇಳಿರಲಿಲ್ಲ.

ನಮ್ಮ ಪ್ಯಾಟರ್ನ್ ಪುಸ್ತಕದ ನಿಯಮ ನಾನು ಮಾಡಿದ್ದು. ಹೊಸ ಪ್ಯಾಟರ್ನ್ ಯಾರೇ ತರಲಿ, ಕಾಗದದ ಮೇಲೆ ಗೆರೆ ಎಷ್ಟೇ ಚೆಂದ ಇರಲಿ, ಅದರಿಂದ ಹೊಲಿದ ಇಡೀ ಉಡುಪು ಮೇಜಿಗೆ ಬರಬೇಕು. ಗೊಂಬೆಗೆ ಹೊಲಿದ ತುಂಡಂಗಿ ನಡೆಯುವುದಿಲ್ಲ. ಒಬ್ಬರು ಅದನ್ನು ತೊಟ್ಟು ಒಂದು ಪೂರ್ತಿ ದಿನ ದುಡಿಯಬೇಕು. ಒಳಗಿನ ಹೊಲಿಗೆಯನ್ನು ಯಾರು ಬೇಕಾದರೂ ತಿರುವಿ ನೋಡುವಂತಿರಬೇಕು. ಇಷ್ಟಾದ ಮೇಲೆ ಅದಕ್ಕೆ ನಂಬರು. ನಂಬರು ಬಿದ್ದ ಪ್ಯಾಟರ್ನನ್ನು ಮತ್ತೆ ತೆಗೆಯುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಮನೆಯಲ್ಲಿ ಕೂತು ನಮಗೆ ಹೊಲಿದುಕೊಡುವ ಅರವತ್ತು ಜನರ ಹತ್ತಿರ ಅದರ ರಟ್ಟಿನ ಅಚ್ಚು ಹೋಗಿರುತ್ತದೆ. ನಾವು ಇಲ್ಲಿ ಗೆರೆ ಬದಲಾಯಿಸಿದರೆ ಅವರು ಹಳೆಯ ಅಚ್ಚಿನಲ್ಲಿ ಹೊಲಿದ ಅಂಗಿಯ ಮೈಗೆ ನಮ್ಮ ಹೊಸ ತೋಳು ಕೂರುವುದಿಲ್ಲ.

ಆ ನಿಯಮವನ್ನು ಮುರಿದವಳೂ ನಾನೇ, ಒಂದೇ ಸಲ. ನಿನ್ನ ಸೋದರಮಾವ ನರ್ಸ್‌ಗಳ ಸಮವಸ್ತ್ರಕ್ಕೆ ಹೊಸ ಪ್ಯಾಟರ್ನ್ ತಂದಿದ್ದ. "ನನ್ನನ್ನೂ ಪರೀಕ್ಷೆ ಮಾಡ್ತೀಯೇನಕ್ಕಾ?" ಎಂದು ಮುಖ ಸಣ್ಣ ಮಾಡಿಕೊಂಡ. ತಮ್ಮನಲ್ಲವೇ ಎಂದು ಹದಿನೇಳನೇ ನಂಬರು ಹಾಕಿಬಿಟ್ಟೆ. ನಲವತ್ತು ಜನ ನರ್ಸ್‌ಗಳು ಅದನ್ನು ತೊಟ್ಟು ಮಂಚದ ಮೇಲಿನ ರೋಗಿಯನ್ನು ಎತ್ತಲು ಹೋದರೆ ಕೈಯೇ ಮೇಲೇಳಲಿಲ್ಲ. ಅಷ್ಟರಲ್ಲಿ ಅಚ್ಚು ಅರವತ್ತು ಮನೆ ಸೇರಿತ್ತು. ಇವತ್ತಿಗೂ ಹದಿನೇಳು ಎಂದು ಆರ್ಡರ್ ಬಂದರೆ ಮಾಸ್ಟರ್ ಮಾತಿಲ್ಲದೆ ಕಂಕುಳಿಗೆ ಒಂದು ತೇಪೆ ಕತ್ತರಿಸುತ್ತಾರೆ. ಇಪ್ಪತ್ತಾರು ವರ್ಷದಿಂದ ಆ ತೇಪೆ ನನ್ನನ್ನು ನೋಡುತ್ತಿದೆ.

ನಿನ್ನ ಕೆಲಸವನ್ನು ನೀನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ವಿವರಿಸಿದ್ದೆ. "ಕರ್ನಲ್ ಅಂದ್ರೆ ಕಂಪ್ಯೂಟರಿನ ಎಲ್ಲಾ ಭಾಗಗಳನ್ನ ನೋಡ್ಕೊಳ್ಳೋ ನಡುವಿನ ಪ್ರೋಗ್ರಾಂ ಅಮ್ಮಾ. ಪರದೆ ಮೇಲೆ ಚಿತ್ರ ಬಿಡಿಸೋ ಚಿಪ್ ಹೊಸದು ಬಂದ್ರೆ, ಅದಕ್ಕೆ ಕರ್ನಲ್‌ನಲ್ಲಿ ಒಂದು ಕಿಟಕಿ ತೆಗೀಬೇಕು. ಕಿಟಕಿಯ ಹೊರಗೆ ನಿಂತು ಕೇಳೋ ಪ್ರೋಗ್ರಾಂ ಬೇರೆ. ಒಂದ್ಸಲ ಕಿಟಕಿ ತೆಗೆದ್ರೆ ಮುಚ್ಚೋ ಹಾಗಿಲ್ಲ. ಅದಕ್ಕೇ ಹೊರಗಿನ ಪ್ರೋಗ್ರಾಂ ಕೂಡ ಎಲ್ರೂ ಓದೋ ಹಾಗೆ ತೆರೆದಿಡಿ ಅಂತೀವಿ. ಅದನ್ನ ನೋಡ್ಕೊಳ್ಳೋ ಜನ ಓದಿ ಒಪ್ಪಿರಬೇಕು. ಆಮೇಲೇ ಕಿಟಕಿ." ನಾನು ಹೂಂ ಎಂದಿದ್ದೆ. ನನಗೆ ಅರ್ಥವಾಗಿರಲಿಲ್ಲ. ಹತ್ತನೇ ತರಗತಿ ಓದಿದವಳು ಅರ್ಥವಾಗಲಿಲ್ಲ ಎಂದು ಮಗಳ ಮುಂದೆ ಹೇಳಲು ಬಿಗುಮಾನ ಬಿಡಲಿಲ್ಲ.

ನಿನ್ನ ತಮ್ಮ ನಾಲ್ಕು ವರ್ಷ ದುಡಿದು ಅವನ ಕಂಪನಿಯ ಚಿಪ್‌ಗೆ ಡ್ರೈವರ್, ಅಂದರೆ ನೀನು ಹೇಳಿದ ಆ ಕಿಟಕಿ, ಬರೆದು ಕಳಿಸಿದಾಗ, ಪರಿಶೀಲಿಸುವ ಜಾಗದಲ್ಲಿ ನೀನಿದ್ದೆ. ನಿನ್ನ ಉತ್ತರವನ್ನು ಅವನಿಂದಲೇ ಓದಿಸಿ ಕೇಳಿದೆ. ಹೊರಗಿನ ಪ್ರೋಗ್ರಾಂ ಯಾರೂ ಓದಲಾಗದಂತೆ ಮುಚ್ಚಿದೆ, ಪರದೆಯ ಮೇಲೆ ಒಂದು ತ್ರಿಕೋನ ಬಿಡಿಸಿ ತೋರಿಸುವ ಪರೀಕ್ಷೆ ಸಾಲದು, ಈಗ ಸೇರಿಸಲಾಗದು. ಮೂರು ಸಾಲು. ಜಗತ್ತೆಲ್ಲ ಓದುವ ಜಾಗದಲ್ಲಿ. ಓದಿ ಮುಗಿಸಿದವನು ತಟ್ಟೆಯ ಮುಂದಿನಿಂದ ಎದ್ದು ಹೋದ.

ನಿನ್ನನ್ನು ಕರೆಸಿದೆ. "ನಿಯಮ ಊರಿಗೆಲ್ಲ ಇರ್ಲಿ, ಒಡಹುಟ್ಟಿದವನಿಗೂ ನಿಯಮಾನಾ?" ಎಂದು ಕೇಳಿದೆ. ಇದೇ ಮೇಜಿನ ಆ ಬದಿಯಲ್ಲಿ ನಿಂತು ನೀನು ಮೆಲ್ಲಗೆ, "ಅಮ್ಮಾ, ಹದಿನೇಳನೇ ಪ್ಯಾಟರ್ನ್ ನೆನಪಿದೆಯಾ?" ಎಂದೆ. ಮೆಷಿನ್‌ಗಳೆಲ್ಲ ನಿಂತವು. ಅಷ್ಟು ಜನರ ಮುಂದೆ ನನ್ನ ಒಳಹೊಲಿಗೆಯನ್ನು ತಿರುವಿ ತೋರಿಸಿದ ಹಾಗಾಯಿತು. "ನನ್ನ ಅಂಗಡೀಲಿ ಬೆಳೆದು ನನಗೇ ಪಾಠ ಹೇಳ್ತೀಯಾ? ಅವನ ಕೆಲಸ ಸೇರಿಸೋವರೆಗೂ ಈ ಹೊಸ್ತಿಲು ತುಳೀಬೇಡ" ಎಂದೆ. ನೀನು ತುಳಿಯಲಿಲ್ಲ. ಮೂರು ವರ್ಷವಾಯಿತು. ನೀನು ನನ್ನ ಮಗಳೇ, ಸಂಶಯವಿಲ್ಲ.

ಮುಂದಿನದು ನಿನಗೆ ತಿಳಿಯದು. ನೀವು ಬೇಡವೆಂದ ಡ್ರೈವರನ್ನು ಕಂಪನಿ ಕರ್ನಲ್‌ನ ತನ್ನದೇ ಪ್ರತಿಗೆ ಸೇರಿಸಿಕೊಂಡು ಯಂತ್ರಗಳನ್ನು ಮಾರಿತು. ಪ್ಯಾಟರ್ನ್ ಬಿಡಿಸುವ ದೊಡ್ಡ ಪರದೆಯ ಯಂತ್ರ ಒಂದನ್ನು ನಾನೂ ಹಟ ಹಿಡಿದು ತರಿಸಿದೆ. ಬಂದವರಿಗೆಲ್ಲ "ನನ್ನ ಮಗನದು" ಎಂದು ತೋರಿಸಿದೆ. ಆಮೇಲೆ ಕಂಪನಿ ಬೇರೆಯವರ ಕೈಗೆ ಹೋಯಿತು. ಅವರಿಗೆ ಆ ಚಿಪ್ ಬೇಡವಾಗಿತ್ತು. ಒಂದು ಬೆಳಿಗ್ಗೆ ನಮ್ಮ ಯಂತ್ರದ ಡಿಸ್ಕ್ ಕೆಟ್ಟಿತು. ನಿನ್ನ ತಮ್ಮ ಹೊಸ ಡಿಸ್ಕ್ ಹಾಕಿ, ಕರ್ನಲ್ ಕಡೆಯ ಭಾಗವನ್ನೆಲ್ಲ ತಾನೇ ಜೋಡಿಸಿದ. ಪರದೆ ಕಪ್ಪಗೇ ಇತ್ತು. ಹೊರಗಿನ ಪ್ರೋಗ್ರಾಂ ಕಂಪನಿಯ ಬೀಗದೊಳಗಿತ್ತು. ಅದನ್ನು ನಿಲ್ಲಿಸಿದ್ದೇವೆ ಎಂದು ಅವರಿಂದ ಒಂದು ಸಾಲಿನ ಉತ್ತರ ಬಂತು.

ತಾನೇ ಡ್ರೈವರ್ ಬರೆದ ಯಂತ್ರದ ಮುಂದೆ ಬಟ್ಟೆ ಚೂರುಗಳ ನಡುವೆ ಅವನು ನೆಲದ ಮೇಲೆ ಕೂತಿದ್ದ. "ಅಕ್ಕ ಸರಿ ಹೇಳಿದ್ಲಮ್ಮಾ. ಅವತ್ತು ಸೇರಿಸಿದ್ರೆ, ಹೊರಗೆ ಯಾರೂ ಇಲ್ಲದ ಕಿಟಕೀನ ಕರ್ನಲ್‌ನವರೆಲ್ಲ ಜನ್ಮಪೂರ್ತಿ ಕಾಯ್ಕೊಂಡು ಕೂರಬೇಕಿತ್ತು" ಎಂದ. ಮಾಸ್ಟರ್ ಅವತ್ತು ಹದಿನೇಳನೇ ನಂಬರಿನ ಆರ್ಡರ್ ಕತ್ತರಿಸುತ್ತಿದ್ದರು. ನಾನು ಅವರ ಕೈಯಲ್ಲಿದ್ದ ತೇಪೆಯನ್ನು ನೋಡಿದೆ. ನೀನು ತರಕಾರಿ ಹೆಚ್ಚುತ್ತಾ ಹೇಳಿದ್ದು ಆಗ ಅರ್ಥವಾಯಿತು.

ಅವನು ಹೊಸ ಮಾಲೀಕರ ಬಾಗಿಲು ಕಾದು, ಎಲ್ಲವನ್ನೂ ತೆರೆದಿಡಲು ಒಪ್ಪಿಗೆ ಪತ್ರ ಬರೆಸಿಕೊಂಡು, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಹೊರಗಿನ ಪ್ರೋಗ್ರಾಮನ್ನು ಮೊದಲಿಂದ ಬರೆದಿದ್ದಾನೆ. ತ್ರಿಕೋನವಲ್ಲ, ಪೂರ್ತಿ ಉಡುಪು. ಎಲ್ಲವೂ ತೆರೆದಿದೆಯಂತೆ. ಅಂಥ ಪ್ರೋಗ್ರಾಂಗಳನ್ನು ನೋಡಿಕೊಳ್ಳುವವರು ಓದಿ ಒಪ್ಪಿದ್ದಾರಂತೆ. ಬರುವ ಸೋಮವಾರ ಡ್ರೈವರನ್ನು ಮತ್ತೆ ಕಳಿಸುತ್ತಾನೆ. ಮತ್ತೆ ನಿನ್ನ ಮೇಜಿಗೇ ಬರುತ್ತದೆ.

ಸೋಮವಾರಕ್ಕೆ ಮೊದಲೇ ಈ ಕಾಗದ ನಿನ್ನ ಕೈ ಸೇರಬೇಕು. ಹೊಸ್ತಿಲಿನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವನದನ್ನು ನೀನು ಸೇರಿಸು, ಬಿಡು, ಮನೆಗೆ ಬಾ. ಅಮ್ಮನ ಮನೆಗೆ ದಾರಿಯಾಗಲಿ ಎಂದು ಒಂದು ಸಾಲನ್ನೂ ಒಪ್ಪಬೇಡ. "ನೀನೊಂದು ಮಾತು ಹೇಳಮ್ಮಾ" ಎಂದು ಅವನು ಕೇಳಿದ. ಹೇಳುವುದಿಲ್ಲ ಎಂದೆ. ಒಳಮೈ ಹೊರಗೆ ಮಾಡಿ ನೋಡು, ಹತ್ತು ವರ್ಷದವಳು ನೋಡುತ್ತಿದ್ದ ಹಾಗೆ.

ಇನ್ನೊಂದು ವಿಷಯ. ಅವನ ಪ್ರೋಗ್ರಾಂ ಹಾಕಿಕೊಂಡು ಐದು ವಾರ ನಾನೇ ಈ ಯಂತ್ರದಲ್ಲಿ ಕೆಲಸ ಮಾಡಿದ್ದೇನೆ. ಚೆನ್ನಾಗಿದೆ. ಆದರೆ ದೊಡ್ಡ ಅಳತೆಯ ತೋಳಿನ ಪ್ಯಾಟರ್ನ್ ತೆರೆದು ಪಕ್ಕಕ್ಕೆ ಸರಿಸಿದರೆ ಅಂಚಿನ ಗೆರೆ ನಡುಗುತ್ತದೆ, ಒಮ್ಮೊಮ್ಮೆ ಅರ್ಧಕ್ಕೇ ಮಾಯವಾಗುತ್ತದೆ. ಮೂರು ಸಲ ನೋಡಿ ದಿನ, ಅಳತೆ ಎಲ್ಲ ಗುರುತು ಹಾಕಿದ್ದೇನೆ, ಚೀಟಿ ಇದರೊಂದಿಗಿದೆ. ಅವನಿಗೆ ತೋರಿಸಿದೆ. "ಅಕ್ಕನಿಗೆ ಮಾತ್ರ ಬರೀಬೇಡಮ್ಮಾ, ನಿಧಾನಕ್ಕೆ ನಾನೇ ಸರಿಮಾಡ್ತೀನಿ" ಎಂದ.

ಬರೆದಿದ್ದೇನೆ.

ನಿನ್ನ ಕಣ್ಣು ಯಾರ ಮುಖ ನೋಡಿಯೂ ಮಂಜಾಗದಿರಲಿ, ನನ್ನ ಮುಖ ನೋಡಿಯೂ. ಮೇಜಿನ ಆ ಬದಿಯ ಜಾಗವನ್ನು ಒರೆಸಿಟ್ಟಿದ್ದೇನೆ. ನೂರು ವರ್ಷ ಸುಖವಾಗಿ ಬಾಳು, ತಾಯಿ.

ನಿನ್ನ ಮೊದಲ ತಪ್ಪುಗಳನ್ನು ಬಿಚ್ಚಿಸಿ ಮತ್ತೆ ಹೊಲಿಸಿದವಳು,
ಅಮ್ಮ