ಕ್ರಾಯ್ಡನ್ನಿನಿಂದ ಕರಾಚಿಗೆ ಏಳು ದಿನ

ಕಕ್ಕಬೆ, 1933

ಅಣ್ಣಾ,

ಇವತ್ತು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಪದ್ಮಯ್ಯನವರು ಹೇಳಿದ್ದು ತಲೆಯೊಳಗೇ ಸುತ್ತುತ್ತಿದೆ. "ನಮ್ಮ ತೋಟದ ಬಿಳಿ ದೊರೆಯ ತಮ್ಮ ಹಡಗಲ್ಲಿ ಅಲ್ಲ ತಂಗಮ್ಮಕ್ಕ, ವಿಮಾನದಲ್ಲಿ ಬಂದ್ರು. ಲಂಡನ್ನಿನ ಕ್ರಾಯ್ಡನ್ನಿಂದ ಕರಾಚಿಗೆ ಐದು ಸಾವಿರ ಮೈಲಿ, ಏಳೇ ದಿನ!"

ನಮ್ಮಲ್ಲಿ ಸಾವಿನ ಸುದ್ದಿ ಸಾರಲು ಹಾರಿಸುವ ಎರಡು ಗುಂಡಿನ ಸದ್ದು ಕೇಳಿದವರೆಲ್ಲ ಕೆಲಸ ಬಿಟ್ಟು ಬರುತ್ತಾರೆ. ಲಂಡನ್ನಿನಲ್ಲಿರುವ ನೀನು ಆ ಸದ್ದಿಗೆ ಸಿಗುವವನಲ್ಲ, ಹಡಗಿಗೆ ಮೂರು ವಾರ ಬೇಕು ಎಂದುಕೊಂಡು, ಅಪ್ಪ ಹಾಸಿಗೆ ಹಿಡಿದಾಗ ನಾನು ನಿನಗೆ ತಂತಿ ಕೊಡಲಿಲ್ಲ. ಅದೊಂದೇ ಕಾರಣವೋ, ಗೊತ್ತಿಲ್ಲ.

ಅಪ್ಪ ಹಾಸಿಗೆ ಹಿಡಿದದ್ದು ಗುರುವಾರ. ಅಲ್ಲಿಂದ ವಿಮಾನ ಹೊರಡುವುದು ಶನಿವಾರ ಮಾತ್ರವಂತೆ. ಕರಾಚಿಯಿಂದ ಮೈಸೂರಿಗೆ ರೈಲಿನಲ್ಲಿ ನಾಲ್ಕು ದಿನ, ಅಲ್ಲಿಂದ ಮನೆಗೆ ಒಂದು. ಬೆರಳು ಮಡಿಸಿ ಎಣಿಸಿದರೆ ಒಮ್ಮೆ ಹದಿನಾಲ್ಕು ಬರುತ್ತದೆ, ಒಮ್ಮೆ ಹದಿನೈದು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಅದಕ್ಕೇ ಕೇಳುತ್ತೇನೆ: ಮೊದಲ ದಿನವನ್ನೂ ಸೇರಿಸಬೇಕೋ, ಬೇಡವೋ?

"ಯಾಕೆ, ಅಣ್ಣ ಬರ್ತಾರಾ?" ಎಂದು ಪದ್ಮಯ್ಯನವರು ಕೇಳಿದರು. ಇಲ್ಲ ಎಂದೆ.

ಅಪ್ಪ ಒಂದೇ ದಿನದಲ್ಲಿ ಹೋಗಿಬಿಟ್ಟರು ಎಂದು ನಿನಗೆ ಬರೆದಿದ್ದೆ. ಹಾಸಿಗೆ ಹಿಡಿದ ಮೇಲೆ ಹದಿನೇಳು ದಿನ ಇದ್ದರು, ಅಣ್ಣಾ. ಅಂಗಳದಲ್ಲಿ ನಾಯಿ ಬೊಗಳಿದಾಗಲೆಲ್ಲ, "ಯಾರು ಬಂದದ್ದು, ಹೋಗಿ ನೋಡು" ಎನ್ನುತ್ತಿದ್ದರು.