ಅಜ್ಜಿ ಹಚ್ಚಿಕೊಳ್ಳದ ಮುಲಾಮು

ಇಚಲಕರಂಜಿ
೮ ಆಗಸ್ಟ್ ೨೦೨೫

ಪ್ರೀತಿಯ ಅತ್ತೆಯವರಿಗೆ ರುಪಾಲಿಯ ಜಯ ಜಿನೇಂದ್ರ.

ಮೊಣಕಾಲು ನೋವು ಹೇಗಿದೆ? ಗಡಹಿಂಗ್ಲಜದ ಮಳೆಯಲ್ಲಿ ಬಸದಿಗೆ ನಡೆದು ಹೋಗಬೇಡಿ, ಕಾಂಚನಕ್ಕನ ಸ್ಕೂಟರ್ ಮೇಲೆ ಹೋಗಿ. ಮಗಳ ಮನೆ ಒಗ್ಗಿದೆಯೆಂದು ಕೇಳಿದೆ. ಸಂತೋಷ, ಆದರೆ ಬಹಳ ಒಗ್ಗಿಸಿಕೊಳ್ಳಬೇಡಿ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಅಕ್ಕನ ಕೈಗೆ ದಾಟಿಸುತ್ತೀರಿ, ಅದಕ್ಕೇ ಈ ಕಾಗದ.

ನೀವು ಸಿಟ್ಟು ಮಾಡಿಕೊಂಡು ಹೋದ ಮೇಲೆ ನಮ್ಮ ಬಾಲಗೃಹದಲ್ಲಿ ದೊಡ್ಡ ಕೆಲಸವೇ ನಡೆಯಿತು. ಡಾಕ್ಟರು ಹೇಳಿದಂತೆ ಮಕ್ಕಳೆಲ್ಲರಿಗೂ ಒಂದೇ ಸಂಜೆ ಕುತ್ತಿಗೆಯಿಂದ ಅಂಗಾಲಿನವರೆಗೆ ತುರಿಕಜ್ಜಿಯ ಮುಲಾಮು ಹಚ್ಚಿದೆವು. ನಾನೂ ಹಚ್ಚಿಕೊಂಡೆ, ಅಡುಗೆಯ ರಂಗುಬಾಯಿಯನ್ನೂ ಬಿಡಲಿಲ್ಲ. ಬಟ್ಟೆ, ಕೌದಿ ಎಲ್ಲ ಕುದಿಯುವ ನೀರಿಗೆ ಹಾಕಿದ್ದಾಯಿತು. ಈ ಮಳೆಯಲ್ಲಿ ಒಣಗಿಸುವುದೆಲ್ಲಿ? ಪಕ್ಕದ ಮಗ್ಗದ ಶೆಡ್ಡಿನವರು ಜಾಗ ಕೊಟ್ಟರು. ನಿಂತ ಮಗ್ಗಗಳ ಮೇಲೆ ನಮ್ಮ ಮಕ್ಕಳ ಚಡ್ಡಿಗಳು ತೂಗಾಡುತ್ತಿದ್ದುದನ್ನು ನೋಡಿದ್ದರೆ ನೀವು ನಕ್ಕು ಸಿಟ್ಟನ್ನೇ ಮರೆಯುತ್ತಿದ್ದಿರಿ. ವಾರ ಬಿಟ್ಟು ಮತ್ತೊಮ್ಮೆ ಹಚ್ಚಿದೆವು. ಈಗ ಯಾರೂ ಕೆರೆದುಕೊಳ್ಳುವುದಿಲ್ಲ. ನಿಮ್ಮ ಮುದ್ದಿನ ಮನಾಲಿಯ ಬೆರಳ ಸಂದಿಯ ಗುಳ್ಳೆಗಳೂ ಬಾಡಿಹೋಗಿವೆ.

ಅತ್ತೆ, ಆ ಮಗುವಿಗೆ ಹಿಂದೆ ಎರಡು ಸಲ ವಾಸಿಯಾಗಿ ಎರಡು ಸಲವೂ ಮರಳಿ ಬಂತಲ್ಲ, ಅದು ನಿಮ್ಮ ಮಡಿಲಿನಿಂದಲೇ ಬಂತೆಂದು ನಾನು ಹೇಳಿದ್ದಕ್ಕೆ ತಾನೆ ನೀವು ಚೀಲ ಕಟ್ಟಿದ್ದು? ನಿಮ್ಮ ಮಣಿಕಟ್ಟಿನ ತುರಿಕೆಯನ್ನು ಉಷ್ಣ ಎಂದಿರಿ. ಟ್ಯೂಬ್ ತೋರಿಸಿದರೆ, "ಅದನ್ನ ಹಚ್ಚಿದ್ರ ಒಳಗಿನ ಹುಳ ಸಾಯ್ತಾವಂತ. ಚಾತುರ್ಮಾಸದಾಗ ನನ್ನ ಕೈಲೆ ಜೀವಹತ್ಯಾ ಮಾಡಸ್ತಿಯೇನ?" ಎಂದು ಗದರಿಸಿದಿರಿ. ನಿಮ್ಮ ವ್ರತವನ್ನು ನಾನು ಹಗುರಾಗಿ ಕಾಣುವವಳಲ್ಲ. ಆದರೆ ಆ ಪಾಪವೇನಿದ್ದರೂ ನನಗೇ ಇರಲಿ, ಸಂತೋಷದಿಂದ ಹೊರುತ್ತೇನೆ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವಿನ ಮೈಯಲ್ಲಿ ಮತ್ತೆ ಕೀವಾಗುವುದನ್ನು ಮಾತ್ರ ನೋಡಲಾರೆ. ನೀವೂ ನೋಡಲಾರಿರಿ, ನನಗೆ ಗೊತ್ತು.

ಕಾಂಚನಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ, ಬೈಗುಳ ಎರಡೂ ಬೇಕು.

ನಿಮ್ಮ ಬಾಯಿಬಡಕಿ ಸೊಸೆ,
ರುಪಾಲಿ

ತಾ.ಕ.: ನಾಳೆ ರಾಖಿ ಕಟ್ಟಿಸಿಕೊಳ್ಳಲು ಅಕ್ಕನ ಮನೆಗೆ ಬರುವ ನಿಮ್ಮ ಮಗನ ಕೈಯಲ್ಲೇ ಈ ಕಾಗದ, ಅಲ್ಲಿ ಎಲ್ಲರಿಗೂ ಸಾಲುವಷ್ಟು ಟ್ಯೂಬ್ ಕಳಿಸುತ್ತಿದ್ದೇನೆ. ಮನಾಲಿಯ ಮೈಯ ಕಜ್ಜಿ ವಾಸಿಯಾಯಿತು, ಆದರೆ ಮೊದಲೇ ಕಡ್ಡಿಯಂತಿದ್ದವಳ ತೂಕ ಇನ್ನೂ ಇಳಿದಿದೆ. ನೀವಿದ್ದಾಗ ಹೊತ್ತು ಮುಳುಗುವ ಮುಂಚೆ ನಿಮ್ಮ ಜೊತೆ ಕೂತು ಹಾಲು ರೊಟ್ಟಿ, ಶೇಂಗಾ ಉಂಡೆ ಎಲ್ಲ ತಿನ್ನುತ್ತಿದ್ದಳು. ಈಗ ಯಾರು ಕರೆದರೂ, "ಅಜ್ಜಿ ಬರ್ಲಿ, ಆಮ್ಯಾಲೆ ಉಣ್ತೇನಿ" ಅನ್ನುತ್ತಾಳೆ. ಹೀಗೇ ಆದರೆ ಸೋಮವಾರ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದಾರೆ ಡಾಕ್ಟರು. ಶನಿವಾರ, ರಾಖಿಯ ರಾತ್ರಿಯೇ, ಮುಲಾಮು ಹಚ್ಚಿಕೊಳ್ಳಿ, ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಇವರ ಜೊತೆ ಹೊರಟುಬಿಡಿ. ಅಜ್ಜಿ ಬರುತ್ತಾಳೆಂದು ಮನಾಲಿಗೆ ಹೇಳಿಬಿಟ್ಟಿದ್ದೇನೆ. ಭಾನುವಾರ ಎಂದರೂ ಕೇಳದೆ ಈಗಲೇ ತಟ್ಟೆ ಹಿಡಿದು ಗೇಟಿನ ಹತ್ತಿರ ಕೂತಿದ್ದಾಳೆ.